‘ಪ್ರೈವೇಟ್ ಬೋಟ್, ಡೀಪ್ ಸೀ ಫಿಶಿಂಗ್’ ಅಂತ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಅರ್ಧ ಮಂದಿ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುತ್ತಾರೆ. ಅಂಕೋಲಾದಿಂದ ಬಲಕ್ಕೆ ತಿರುಗಿದರೆ ಕಾರವಾರ, ಎಡಕ್ಕೆ ಗೋಕರ್ಣ, ಮುರ್ಡೇಶ್ವರ. ದಾರಿಯಲ್ಲಿ ತೊಂದರೆ ಏನೂ ಇಲ್ಲ. ತೊಂದರೆ ಶುರುವಾಗುವುದು ನಮ್ಮೂರಲ್ಲೇ, ಮನೆಯಲ್ಲಿ ಕೂತು ಫೋನ್ ನೋಡುವಾಗ. ‘ಪ್ರೈವೇಟ್ ಬೋಟ್, ಡೀಪ್ ಸೀ ಫಿಶಿಂಗ್, ಫ್ಯಾಮಿಲಿ ಪ್ಯಾಕೇಜ್’ ಅಂತ ಒಂದು ಜಾಹೀರಾತು ಇನ್‌ಸ್ಟಾಗ್ರಾಂನಲ್ಲಿ ಓಡಾಡುತ್ತಿರುತ್ತದೆ. ಅದನ್ನು ನೋಡಿ ದುಡ್ಡು ಹಾಕಬೇಕು ಅಂದುಕೊಂಡವರು ಇದನ್ನು ಓದಿ, ಆಮೇಲೆ ತೀರ್ಮಾನ ಮಾಡಿ.

ನಮ್ಮ ಮನೆಯಲ್ಲಿ ಈ ಆಸೆ ಇದ್ದದ್ದು ಕಾಕಾಗೆ. ಹಾವೇರಿ ಕಡೆಯವರು. ಚಿಕ್ಕಂದಿನಿಂದ ವರದಾ ನದಿಯಲ್ಲಿ ಗಾಳ ಹಾಕಿಕೊಂಡು ಬೆಳೆದವರು. ರಿಟೈರ್ ಆದಮೇಲೆ ‘ಒಮ್ಮೆ ಸಮುದ್ರದಾಗ ಗಾಳ ಹಾಕಿ ಬರೋಣೋ’ ಅಂತ ಹೇಳುತ್ತಲೇ ಇದ್ದರು. ಸರಿ, ಕಾಕಾ, ಕಾಕು, ನಾನು, ನನ್ನ ಹೆಂಡತಿ, ಎರಡನೇ ಕ್ಲಾಸಿನ ಮಗ, ಇಷ್ಟು ಜನ ಹೋಗುವುದು ಅಂತಾಯಿತು. ಜಾಹೀರಾತು ಹಾಕಿದವನು ಹುಬ್ಬಳ್ಳಿಯವನೇ, ಸಣ್ಣದೊಂದು ಆಫೀಸೂ ಇದೆ. ಊರವನೇ ಅಲ್ವಾ, ಮಾತಿಗೆ ಸಿಗುತ್ತಾನೆ ಅಂತ ಧೈರ್ಯ.

ಅವನು ಹೇಳಿದ್ದು ಇಷ್ಟು. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಹನ್ನೆರಡಕ್ಕೆ ವಾಪಸ್. ರಾಡು, ರೀಲು, ಎರೆ, ಲೈಫ್ ಜಾಕೆಟ್, ಇನ್ಶೂರೆನ್ಸ್ ಎಲ್ಲ ಸೇರಿ 18,000 ರೂಪಾಯಿ. ಹಿಡಿದ ಮೀನನ್ನು ಬೋಟಿನಲ್ಲೇ ಹುರಿದು ಕೊಡುತ್ತಾರೆ. “ಬೋಟ್ ಪೂರಾ ನಿಮ್ದ ರೀ ಸರ್. ನಿಮ್ಮ ಮಂದಿ ಬಿಟ್ರ ಒಂದ್ ನರಪಿಳ್ಳೆ ಇರಂಗಿಲ್ಲ” ಅಂದ. ಅರ್ಧ ದುಡ್ಡು ಮೊದಲೇ ಕೊಡಬೇಕು. ಯುಪಿಐನಲ್ಲಿ ಹಾಕಿದಾಗ ಬಂದ ಹೆಸರು ಅವನದೂ ಅಲ್ಲ, ಆಫೀಸಿನದೂ ಅಲ್ಲ. ಕೇಳಿದ್ದಕ್ಕೆ “ನಮ್ಮ ಹುಡುಗಂದ ಸರ್” ಅಂದ. ರಸೀದಿ ಕೇಳಿದೆ. ವಾಟ್ಸಾಪ್‌ನಲ್ಲಿ ಒಂದು ಹೆಬ್ಬೆರಳು ಬಂತು.

ಆ ದಿನ ಆರಕ್ಕೆ ಮೊದಲೇ ನಾವು ಕಾರವಾರದ ಹತ್ತಿರ ಅವನು ಹೇಳಿದ ಜಾಗದಲ್ಲಿದ್ದೆವು. ಬೋಟ್ ಇರಲಿಲ್ಲ. ಫೋನ್ ಮಾಡಿದರೆ ಭರತ ಇಳಿತದ ಕಥೆ, ಡೀಸೆಲ್ ಕಥೆ, ಆಮೇಲೆ ಡ್ರೈವರ್ ಮನೆಯಲ್ಲಿ ಪೂಜೆ. ಬೋಟ್ ಬಂದಾಗ ಹತ್ತೂವರೆ. ಅದರಲ್ಲಿ ಆಗಲೇ ಏಳು ಜನ ಕೂತಿದ್ದರು, ಬೆಳಗಾವಿಯ ಒಂದು ಕುಟುಂಬ. ನಾವು ಅವರ ಮುಖ ನೋಡಿದೆವು, ಅವರು ನಮ್ಮ ಮುಖ ನೋಡಿದರು. ಅವರಿಗೂ ಬೋಟ್ ಪೂರಾ ಅವರದೇ ಅಂತ ಹೇಳಿ ದುಡ್ಡು ತಗೊಂಡಿದ್ದರಂತೆ, ಬೇರೆ ಯಾರೋ.

ತಡವಾದರೆ ಏನಾಯಿತು, ಹೋಗಿ ಬಂದರೆ ಸಾಕಲ್ಲ ಅನ್ನಬೇಡಿ. ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ಗಾಳಿ ದಡದಿಂದ ಸಮುದ್ರದ ಕಡೆಗೆ ಮೆಲ್ಲಗೆ ಬೀಸುತ್ತದೆ, ನೀರು ಸಮಾಧಾನವಾಗಿರುತ್ತದೆ. ಬಿಸಿಲೇರಿದ ಹಾಗೆ ನೆಲ ಕಾದು ಗಾಳಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಜೋರಾಗಿ ಸಣ್ಣ ಬೋಟ್ ಎತ್ತಿ ಹಾಕುತ್ತದೆ. ಮೀನುಗಾರರು ಕತ್ತಲಲ್ಲೇ ಹೊರಡುವುದು ಸುಮ್ನೆ ಅಲ್ಲ. ಹತ್ತೂವರೆಗೆ ಹೊರಟ ನಮಗೆ ಸಿಕ್ಕಿದ್ದು ಪೂರ್ತಿ ಆ ಗಾಳಿ. ಕಾಕು ಅರ್ಧ ತಾಸಿನಲ್ಲಿ ವಾಂತಿ ಶುರು ಮಾಡಿದರು. ಡೀಸೆಲ್ ಹೊಗೆ ಬೇರೆ. (ವಾಂತಿ ಮಾತ್ರೆಯನ್ನು ಬೋಟ್ ಹತ್ತುವುದಕ್ಕೆ ಮುಂಚೆಯೇ ತಗೋಬೇಕು, ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ.)

ಈಗ ‘ಡೀಪ್ ಸೀ’ ವಿಷಯ. ಒಂದು ಜಾಗದಲ್ಲಿ ಇಂಜಿನ್ ನಿಲ್ಲಿಸಿ ‘ಇಲ್ಲೇ ಹಾಕಿ’ ಅಂದರು. ರಾಡು, ರೀಲು ಏನಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ತಂಗೂಸಿ, ತುಕ್ಕು ಹಿಡಿದ ಗಾಳ, ವಾಸನೆ ಹೊಡೆಯುವ ಸಿಗಡಿ. ಕಾಕಾ ಏನೂ ಮಾತಾಡಲಿಲ್ಲ. ಸೀಸದ ಗುಂಡು ಕಟ್ಟಿ ದಾರ ಬಿಟ್ಟರು. ಗುಂಡು ತಳ ಮುಟ್ಟಿದ ಕೂಡಲೇ ದಾರ ಸಡಿಲಾಯಿತು. ಮೇಲೆ ಎಳೆಯುವಾಗ ಎರಡೂ ಕೈ ಅಗಲಿಸಿ ಮಾರು ಅಳೆದರು. ಒಂದು, ಎರಡು, ಮೂರು. ಎಂಟು ಮಾರಿಗೆ ಗುಂಡು ಕೈಗೆ ಬಂತು. “ಇದಕ್ಕಿಂತ ನಮ್ಮೂರ ಬಾವಿ ಆಳ ಐತಿ” ಅಂದರು. ಎಂಟು ಮಾರು ಅಂದರೆ ಸುಮಾರು ಹದಿನೈದು ಮೀಟರ್. ದಡದ ಮೊಬೈಲ್ ಟವರ್ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು.

ಇದರಲ್ಲಿ ಬೋಟಿನವರ ತಪ್ಪಿಲ್ಲ, ಲೆಕ್ಕವೇ ಹಾಗಿದೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ತಳ ಒಮ್ಮೆಲೇ ಇಳಿಯುವುದಿಲ್ಲ, ಇಳಿಜಾರು ಬಹಳ ನಿಧಾನ. ನಿಜವಾದ ಆಳ ಸಮುದ್ರ ಅಂತ ಕರೆಯುವ 200 ಮೀಟರಿನ ಜಾಗ ಮುಟ್ಟಬೇಕಾದರೆ ಹತ್ತಿಪ್ಪತ್ತಲ್ಲ, ಹಲವು ಹತ್ತು ಕಿಲೋಮೀಟರ್ ಹೋಗಬೇಕು. ಸಣ್ಣ ಬೋಟ್ ಏಳು ನಾಟ್ ವೇಗದಲ್ಲಿ ಹೋದರೆ ತಾಸಿಗೆ 13 ಕಿಲೋಮೀಟರ್ ಆಯಿತು. ಹೋಗಿ, ಗಾಳ ಹಾಕಿ, ವಾಪಸ್ ಬರುವುದನ್ನೆಲ್ಲ ಆರು ತಾಸಿನಲ್ಲಿ ಮುಗಿಸಬೇಕು. ನೀವೇ ಲೆಕ್ಕ ಹಾಕಿ. ಆಳ ಸಮುದ್ರದ ಮೀನುಗಾರಿಕೆಗೆ ಹೋಗುವ ದೊಡ್ಡ ಬೋಟಿನವರು ಐಸ್, ಡೀಸೆಲ್, ಅಕ್ಕಿ ತುಂಬಿಕೊಂಡು ವಾರಗಟ್ಟಲೆ ಸಮುದ್ರದಲ್ಲೇ ಇರುತ್ತಾರೆ. ಆದ್ದರಿಂದ ಅರ್ಧ ದಿನದಲ್ಲಿ ಡೀಪ್ ಸೀ ಫಿಶಿಂಗ್ ಮಾಡಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲೇ ಗೊತ್ತು ಮಾಡಿಕೊಳ್ಳಿ, ಅವನು ಮಾರುತ್ತಿರುವುದು ಬರೀ ಹೆಸರು. ದಡದ ಹತ್ತಿರವೇ ಗಾಳ ಹಾಕಿ ಬರುವುದೂ ಖುಷಿಯೇ, ಅದನ್ನು ಅದೇ ಹೆಸರಿನಲ್ಲಿ, ಅದರ ದರಕ್ಕೆ ಮಾರಲಿ.

ನನಗೆ ಇವತ್ತಿಗೂ ಸಿಟ್ಟು ಬರುವುದು ದುಡ್ಡಿಗಲ್ಲ, ಲೈಫ್ ಜಾಕೆಟ್‌ಗೆ. ಹನ್ನೆರಡು ಪ್ರಯಾಣಿಕರಿಗೆ ಎಂಟು ಜಾಕೆಟ್. ಬಣ್ಣ ಹೋಗಿ ಬೆಳ್ಳಗಾಗಿದ್ದವು. ಬಕಲ್ ಮುರಿದ ಕಡೆ ಪಟ್ಟಿಗೆ ಗಂಟು ಹಾಕಿದ್ದರು. ಮಕ್ಕಳ ಸೈಜಿನದು ಒಂದೂ ಇಲ್ಲ. ಮಗನಿಗೆ ದೊಡ್ಡವರದ್ದೇ ಹಾಕಿದರು, ಅದು ಅವನ ಕಿವಿಯವರೆಗೆ ಬಂತು. ಅಂಥ ಜಾಕೆಟ್ ಹಾಕಿ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಪರೀಕ್ಷೆ ಸುಲಭ ಇದೆ: ಜಾಕೆಟ್ ಹಾಕಿ ಎಲ್ಲ ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ. ಗದ್ದ, ಕಿವಿ ಒಳಗೆ ಹೋದರೆ ಅದು ಆ ಮಗುವಿನದಲ್ಲ. ಆಗ ಬೋಟ್ ಹತ್ತಲೇಬೇಡಿ. ದುಡ್ಡು ಹೋದರೆ ಹೋಗಲಿ. ನನ್ನ ಹೆಂಡತಿ ಅದನ್ನೇ ಹೇಳಿ ಮಗನ ಜೊತೆ ದಡದಲ್ಲೇ ಉಳಿದಳು. ಆ ದಿನ ಸರಿಯಾದ ಕೆಲಸ ಮಾಡಿದವಳು ಅವಳೊಬ್ಬಳೇ.

2019ರ ಜನವರಿ 21 ನೆನಪಿದೆಯಾ? ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ಅದೇನು ಆಳ ಸಮುದ್ರ ಅಲ್ಲ, ದಡಕ್ಕೆ ಹತ್ತಿರದ ನೀರು. ಈಜು ಬಾರದ ಬಯಲುಸೀಮೆಯ ನಮಗೆ ಅಷ್ಟು ನೀರೇ ಸಾಕು.

ಬೋಟ್ ಓಡಿಸುವವರ ಜೊತೆ ಮಾತಾಡಿದ ಮೇಲೆ ಎಲ್ಲ ತಿಳಿಯಿತು. ಪಾಪ, ಮುಚ್ಚುಮರೆ ಇಲ್ಲದ ಮನುಷ್ಯ. “ನಂಗೆ ಈ ಟ್ರಿಪ್ಪಿಗೆ ನಾಲ್ಕೂವರೆ ಸಾವಿರ ಸರ್, ಡೀಸೆಲ್ ಅದ್ರಲ್ಲೇ. ಎರಡು ತಾಸು ಅಂತ ಹೇಳಿದಾರೆ” ಅಂದರು. ಹುಬ್ಬಳ್ಳಿಯವನು ಕಾರವಾರ ಕಡೆಯ ಇನ್ನೊಬ್ಬನಿಗೆ ಹೇಳಿದ್ದ. ಅವನು ಮತ್ತೊಬ್ಬನಿಗೆ ಹೇಳಿದ್ದ. ಎರಡು ಕುಟುಂಬದ ದುಡ್ಡು ನಡುವೆ ಎಲ್ಲೆಲ್ಲೋ ಕರಗಿ, ಸಮುದ್ರದ ಮೇಲೆ ನಮ್ಮ ಜೀವಕ್ಕೆ ಹೊಣೆಯಾದವರ ಕೈಗೆ ಬಂದದ್ದು ಅಷ್ಟೇ. ಅವರು ಹೊಸ ಜಾಕೆಟ್ ಎಲ್ಲಿಂದ ತರಬೇಕು? ಇನ್ಶೂರೆನ್ಸ್ ಅಂದಿದ್ದಕ್ಕೆ ನಕ್ಕರು. ಹುಬ್ಬಳ್ಳಿಯಲ್ಲಿ ದುಡ್ಡು ತಗೊಂಡವನು ಆ ಬೋಟನ್ನು ಕಣ್ಣಿಂದ ನೋಡಿಯೂ ಇರಲಿಲ್ಲ.

ಎರಡು ತಾಸಿಗೆ ವಾಪಸ್ ತಂದು ಬಿಟ್ಟರು. ಕಾಕಾಗೆ ಬೆರಳುದ್ದದ ಒಂದೆರಡು ಮೀನು ಸಿಕ್ಕಿದ್ದವು, ಅವನ್ನೂ ನೀರಿಗೇ ಬಿಟ್ಟಿದ್ದರು. ದಡದಲ್ಲಿ ಒಬ್ಬ ಹುಡುಗ ದೊಡ್ಡ ಇಸ್ವಾಣ ಹಿಡಿದು ನಿಂತಿದ್ದ. “ಫೋಟೋ ಹೊಡೀರಿ ಸರ್, ಎರಡು ನೂರು ಕೊಡಿ.” ಮೀನು ಮಾರುವುದಿಲ್ಲ, ಬರೀ ಫೋಟೋಕ್ಕೆ! ಕಾಕಾ ಹತ್ತಿರ ಹೋಗಿ ಕಿವಿರು ಎತ್ತಿ ನೋಡಿದರು. ಕೆಂಪಿಲ್ಲ, ಕಂದು ಬಣ್ಣ. ಕಣ್ಣು ಒಳಗೆ ಹೋಗಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು. ಎಷ್ಟು ಮಂದಿಯ ಕೈಯಲ್ಲಿ ಎಷ್ಟು ದಿನದಿಂದ ಓಡಾಡುತ್ತಿತ್ತೋ ಆ ಮೀನು. ಇಂಥ ಪ್ಯಾಕೇಜ್‌ಗಳ ಜಾಹೀರಾತಿನ ನಗುಮುಖಗಳು ಹೇಗೆ ಹುಟ್ಟುತ್ತವೆ ಅಂತ ಆಗ ಗೊತ್ತಾಯಿತು.

ಗಾಳ ಹಾಕುವ ಆಸೆ ಇರುವವರು ಮಧ್ಯದವನನ್ನು ಬಿಟ್ಟು ಬೋಟಿನವರ ಜೊತೆಗೇ ಮಾತಾಡಿ. ಒಂದು ದಿನ ಮೊದಲು ಹೋಗಿ ಬೋಟ್ ನೋಡಿ, ಜಾಕೆಟ್ ಎಣಿಸಿ, ಆಮೇಲೆ ದುಡ್ಡು. ಅಷ್ಟು ಆಗದಿದ್ದರೆ ಬೋಟಿನ ನಂಬರ್ ಕಾಣುವ ಹಾಗೆ ಫೋಟೋ ಕಳಿಸು ಅನ್ನಿ. ನಮ್ಮ ರಾಜ್ಯದ ಮೀನುಗಾರಿಕೆ ಬೋಟುಗಳ ಮೇಲೆ ಐಎನ್‌ಡಿ, ಕೆಎ ಅಂತ ಶುರುವಾಗುವ ನೋಂದಣಿ ನಂಬರ್ ಬರೆದಿರುತ್ತದೆ. ಆದರೆ ಆ ನೋಂದಣಿ ಮೀನು ಹಿಡಿಯುವುದಕ್ಕೆ. ಪ್ರವಾಸಿಗರನ್ನು ದುಡ್ಡಿಗೆ ಕೂರಿಸಿಕೊಂಡು ಹೋಗಲು ಬೇರೆ ಅನುಮತಿ ಬೇಕು. ಅದನ್ನು ಕೇಳಿ. ಬಂದರು ಇಲಾಖೆಯ ಕಚೇರಿ ಕಾರವಾರದ ಬೈತಖೋಲದಲ್ಲೇ ಇದೆ, ಅನುಮಾನ ಬಂದರೆ ಅಲ್ಲೇ ವಿಚಾರಿಸಬಹುದು. ಅನುಮತಿ ಇರುವವರು ಕಾಗದ ತೋರಿಸಲು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ. ‘ಜುಲೈನಲ್ಲಿ ಬರಬಹುದಾ’ ಅಂತ ಕೇಳಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಮ್ಮ ಕರಾವಳಿಯಲ್ಲಿ ನಿಷೇಧ ಇರುತ್ತದೆ. ಮೀನು ಮೊಟ್ಟೆ ಇಡುವ ಕಾಲ, ಮೇಲಾಗಿ ಮಳೆಗಾಲದ ಸಮುದ್ರ. ‘ಬರ್ರಿ ಸರ್, ಮಾಡಿಸೋಣ’ ಅಂದರೆ ಅಲ್ಲಿಗೇ ಫೋನ್ ಇಡಿ. ಹಾಗೇ, ಕಾರವಾರದ ಹತ್ತಿರ ನೌಕಾಪಡೆಯ ನೆಲೆ ಇದೆ, ಅದರ ಸುತ್ತ ಮನಸ್ಸಿಗೆ ಬಂದ ಹಾಗೆ ಬೋಟ್ ಒಯ್ಯುವಂತಿಲ್ಲ. ನೇವಿ ಹಡಗು ಹತ್ತಿರದಿಂದ ತೋರಿಸುತ್ತೇನೆ ಅನ್ನುವವನನ್ನೂ ನಂಬಬೇಡಿ.

ಅಲೆ, ಗಾಳಿ ಎಷ್ಟಿದೆ ಅಂತ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ದಿನವೂ ಮುನ್ಸೂಚನೆ ಕೊಡುತ್ತದೆ, ಯಾರು ಬೇಕಾದರೂ ನೋಡಬಹುದು. ಸಮುದ್ರದಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ 1093. ಹತ್ತುವ ಮೊದಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ದುಡ್ಡಿನ ಕಥೆ ಏನಾಯಿತು ಅಂತ ಕೇಳುತ್ತೀರಿ. ಉಳಿದ 9,000 ನಾವು ಕೊಡಲಿಲ್ಲ. ಬೋಟಿನವರ ಕೈಗೆ ಮಾತ್ರ ಒಂದಿಷ್ಟು ಕೊಟ್ಟು ಬಂದೆವು. ಅಡ್ವಾನ್ಸ್ ವಾಪಸ್ ಕೇಳಿದರೆ ಹುಬ್ಬಳ್ಳಿಯವನು ಮೊದಲು ‘ವೆದರ್ ಸರ್, ನಾವೇನ್ ಮಾಡೂಣು’ ಅಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಆಫೀಸಿಗೆ ಹೋದರೆ ‘ಸಾಹೇಬ್ರು ಗೋವಾಕ್ಕ ಹೋಗ್ಯಾರ್ರಿ’. 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದೆ. ಜೊತೆಗೆ ಒಂದು ನೋಟಿಸ್ ಬರೆದು ಸ್ಪೀಡ್ ಪೋಸ್ಟ್ ಮಾಡಿದೆ. ಪ್ಯಾಕೇಜ್ ವಿವರದ ಸ್ಕ್ರೀನ್‌ಶಾಟ್, ಯುಪಿಐ ದಾಖಲೆ, ಗಂಟು ಹಾಕಿದ ಜಾಕೆಟ್ ಫೋಟೋ, ಎಲ್ಲ ಲಗತ್ತಿಸಿದ್ದೆ. ನೋಟಿಸ್ ಮುಟ್ಟಿದ ವಾರದೊಳಗೆ ಸಾಹೇಬರು ಗೋವಾದಿಂದ ಬಂದರು. ‘ಸುಮ್ನ ಯಾಕ್ರಿ ಸರ್ ಇಷ್ಟೆಲ್ಲಾ’ ಅಂತ 5,000 ಹಾಕಿದರು.

ಉಳಿದ ನಾಲ್ಕು ಸಾವಿರಕ್ಕೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ತಯಾರು ಮಾಡುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರವಾರಕ್ಕೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ವಿಷಯಕ್ಕೆ ಶುಲ್ಕವೂ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಗದಗ, ಹಾವೇರಿಯವರಿಗೆ ಅವರವರ ಜಿಲ್ಲೆಯಲ್ಲೇ ಆಯೋಗ ಇದೆ. ಇದೇ ಥರ ದುಡ್ಡು ಕಳೆದುಕೊಂಡವರು ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡಿ, ಅಡ್ವಾನ್ಸ್ ಹಾಕಿದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ ಇವತ್ತೇ ತೆಗೆದಿಡಿ.