ಹಸಿರು ಗೆರೆಯನ್ನು ನಂಬಿ ಕೂರಬೇಡಿ

ಪಾಸ್‌ವರ್ಡ್ ಟೈಪಿಸುತ್ತಿದ್ದಂತೆ ಕೆಳಗಿನ ಗೆರೆ ಕೆಂಪಿನಿಂದ ಹಸಿರಿಗೆ ತಿರುಗಿ ‘ಬಲಿಷ್ಠ’ ಎಂದು ಶಹಬ್ಬಾಸ್‌ಗಿರಿ ಕೊಡುತ್ತದೆಯಲ್ಲ, ಅದನ್ನು ನಂಬಿದ್ದ ನನ್ನ ಅಕ್ಕನ ಇಮೇಲ್ ಖಾತೆ ಕಳೆದ ತಿಂಗಳು ಕಳ್ಳರ ಪಾಲಾಯಿತು. ‘ತುರ್ತಾಗಿ ಹಣ ಬೇಕು’ ಎಂದು ಅವಳ ಹೆಸರಿನಲ್ಲಿ ಪರಿಚಿತರಿಗೆಲ್ಲ ಪತ್ರ ಹೋಯಿತು. ಕೆಲವರು ಕಳಿಸಿಯೂ ಬಿಟ್ಟರು.

ಪಾಸ್‌ವರ್ಡ್ ಹೇಗಿತ್ತು ಎನ್ನುತ್ತೀರಾ? ಮಗನ ಹೆಸರು, ಮೊದಲಕ್ಷರ ದೊಡ್ಡದು. ‘ಎ’ ಇರಬೇಕಾದ ಕಡೆ @. ಕೊನೆಗೆ ಅವನು ಹುಟ್ಟಿದ ವರ್ಷ, ಅದರ ಬಾಲಕ್ಕೊಂದು ಆಶ್ಚರ್ಯಸೂಚಕ. ಗೆರೆ ಕೇಳಿದ್ದನ್ನೆಲ್ಲ ಕೊಟ್ಟಿದ್ದಳು. ಎಷ್ಟು ಅಕ್ಷರ, ಅಂಕಿ ಇದೆಯೇ, ಚಿಹ್ನೆ ಇದೆಯೇ ಎಂದು ಎಣಿಸುವುದಷ್ಟೇ ಇಂಥ ಅನೇಕ ಗೆರೆಗಳ ಕೆಲಸ. ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳೋ, ಹೆಸರುಗಳನ್ನೂ ನಿಘಂಟಿನ ಪದಗಳನ್ನೂ ಎತ್ತಿಕೊಂಡು ಇದೇ ಅಲಂಕಾರಗಳನ್ನು ತಾವೇ ಮಾಡಿ ನೋಡುತ್ತವೆ. 2009ರಲ್ಲಿ ರಾಕ್‌ಯೂ ಕಂಪನಿಯಿಂದ 3 ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳು ಇದ್ದ ಹಾಗೆಯೇ ಸೋರಿದವು. ಜನರ ಬುದ್ಧಿ ಹೇಗೆ ಓಡುತ್ತದೆ ಎಂಬುದಕ್ಕೆ ಕಳ್ಳರಿಗೆ ಅದೊಂದು ಪಠ್ಯಪುಸ್ತಕವೇ ಆಯಿತು.

ಅಕ್ಕನ ವಿಷಯದಲ್ಲಿ ಬಹುಶಃ ಅಷ್ಟು ಶ್ರಮವೂ ಬೇಕಾಗಿರಲಿಲ್ಲ. ಅದೇ ಪಾಸ್‌ವರ್ಡ್ ಹಳೆಯ ಶಾಪಿಂಗ್ ತಾಣವೊಂದರಲ್ಲೂ ಇತ್ತು. ಅಲ್ಲಿನ ಮಾಹಿತಿ ಎಂದೋ ಸೋರಿತ್ತು. ಸೋರಿದ ಮೇಲೆ 8 ಅಕ್ಷರವಾದರೇನು, 30 ಆದರೇನು? ಚಿಹ್ನೆ, ಅಂಕಿಗಳ ಕಡ್ಡಾಯ ಬಿಡಿ, ಸೋರಿದ ಪಾಸ್‌ವರ್ಡ್‌ಗಳೊಂದಿಗೆ ಹೋಲಿಸಿ ನೋಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಎಷ್ಟೋ ತಾಣಗಳ ಕಿವಿಗೆ ಅದಿನ್ನೂ ಬಿದ್ದಿಲ್ಲ.

ಸೋರಿದೆಯೇ ಎಂದು ನೋಡಲು ‘ಹ್ಯಾವ್ ಐ ಬೀನ್ ಪೋನ್ಡ್’ ತಾಣವಿದೆ. ಅದು ಪಾಸ್‌ವರ್ಡನ್ನು ನಿಮ್ಮ ಬ್ರೌಸರ್‌ನಲ್ಲೇ ಹ್ಯಾಶ್ ಮಾಡಿ, ಅಂದರೆ ಗುರುತು ಸಿಗದ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸಿ, ಆ ಹ್ಯಾಶ್‌ನ ಮೊದಲ 5 ಅಕ್ಷರಗಳನ್ನಷ್ಟೇ ಕಳಿಸುತ್ತದೆ. ‘ಒಡೆಯಲು ಎಷ್ಟು ವರ್ಷ ಬೇಕು ನೋಡಿ’ ಎಂದು ಕರೆಯುವ ಕಂಡಕಂಡ ತಾಣಗಳಲ್ಲಿ ಮಾತ್ರ ಅಸಲಿ ಪಾಸ್‌ವರ್ಡ್ ಟೈಪಿಸಬೇಡಿ. ಒಂದೊಂದು ಖಾತೆಗೆ ಒಂದೊಂದನ್ನು, ಪಾಸ್‌ವರ್ಡ್‌ಗಳನ್ನು ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್ ತಾನೇ ಹುಟ್ಟಿಸಲಿ. ಇಮೇಲ್‌ಗಂತೂ ಎರಡು ಹಂತದ ದೃಢೀಕರಣ ಇರಲೇಬೇಕು.

ಖಾತೆ ಈಗಾಗಲೇ ಕಳ್ಳರ ಕೈಗೆ ಹೋಗಿದ್ದರೆ ಪಾಸ್‌ವರ್ಡ್ ಬದಲಿಸಿ ನಿರಾಳರಾಗಬೇಡಿ. ಅಕ್ಕ ಬದಲಿಸಿದ ಮೇಲೂ ಅವಳ ಪತ್ರಗಳು ಬೇರೆಲ್ಲಿಗೋ ಹೋಗುತ್ತಲೇ ಇದ್ದವು. ಫಾರ್ವರ್ಡಿಂಗ್ ಸೆಟ್ಟಿಂಗ್‌ನಲ್ಲಿ ಕಳ್ಳ ತನ್ನ ವಿಳಾಸ ಸೇರಿಸಿದ್ದ. ‘ಬ್ಯಾಂಕ್’ ಎಂಬ ಪದವಿರುವ ಪತ್ರಗಳೆಲ್ಲ ನೇರ ಟ್ರ್ಯಾಶ್‌ಗೆ ಹೋಗುವಂತೆ ಫಿಲ್ಟರ್ ಬೇರೆ ಹಾಕಿದ್ದ. ಎರಡನ್ನೂ ಅಳಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿದ ಮೇಲೆಯೇ ಕಾಟ ನಿಂತಿತು.