ವಜ್ರದ ಉಂಗುರ ಮಾಡಿಸುತ್ತಿದ್ದೀರಾ? ಹರಳಿನ ಮೇಲಿನ ನಂಬರ್ ನೋಡದೆ ಬಾಕಿ ಹಣ ಕೊಡಬೇಡಿ

ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಆರ್ಡರ್ ಕೊಟ್ಟವರು ಒಂದು ಕೆಲಸ ತಪ್ಪದೆ ಮಾಡಿ. ಸರ್ಟಿಫಿಕೇಟಿನಲ್ಲಿರುವ ನಂಬರೇ ಹರಳಿನ ಅಂಚಿನ ಮೇಲೂ ಇದೆಯಾ ಅಂತ ಅಂಗಡಿಯಲ್ಲೇ, ಅವರ ಎದುರಿಗೇ ನೋಡಿ. ತೋರಿಸಲ್ಲ ಅಂದರೆ ಬಾಕಿ ಕೊಡಬೇಡಿ. ನನ್ನ ತಮ್ಮನಿಗೆ ಆದ ಮೋಸ ಇನ್ಯಾರಿಗೂ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗಿಗೆ ಒಂದು ಡಿಸೈನ್ ಮನಸ್ಸಿನಲ್ಲಿತ್ತು. ನಡುವೆ ಅರ್ಧ ಕ್ಯಾರೆಟ್ ಹರಳು, ಎರಡೂ ಬದಿಗೆ ಮಾವಿನೆಲೆ, 18 ಕ್ಯಾರೆಟ್ ಚಿನ್ನ. ರೆಡಿಮೇಡ್ ಸಿಗಲಿಲ್ಲ, ಹಾಗಾಗಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮಾಡಿಸೋಣ ಅಂತಾಯಿತು. ಗಣಿಯಿಂದ ತೆಗೆದ ವಜ್ರವೇ ಬೇಕು ಅಂತ ತಮ್ಮ ಸ್ಪಷ್ಟವಾಗಿ ಹೇಳಿದ್ದ. ಅವರೂ ಒಪ್ಪಿ, ವಜ್ರ ಪರೀಕ್ಷಿಸುವ ಸಂಸ್ಥೆಯಾದ ಐಜಿಐ ಕೊಟ್ಟ ಸರ್ಟಿಫಿಕೇಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರು, ಕಂಪ್ಯೂಟರಿನಲ್ಲಿ ಮಾಡಿದ ಉಂಗುರದ ಚಿತ್ರವನ್ನೂ ಕಳಿಸಿದರು, ಅಡ್ವಾನ್ಸ್ ತಗೊಂಡರು.

ಕೊಡುವ ದಿನ ಮುಂದೆ ಹೋಗ್ತಾ ಹೋಗ್ತಾ ಕೊನೆಗೆ ಶಾಸ್ತ್ರಕ್ಕೆ ಇನ್ನೇನು ಹತ್ತಿರ ಬಂತು ಅನ್ನುವಾಗ ಉಂಗುರ ಕೊಟ್ಟರು. 'ಇದು ಅದೇ ಹರಳು ತಾನೇ?' ಅಂತ ತಮ್ಮ ಕೇಳಿದ್ದಕ್ಕೆ ಪೆನ್ನಿನಂಥ ಟೆಸ್ಟರ್ ತಂದು ಹರಳಿಗೆ ಮುಟ್ಟಿಸಿದರು. ಬೀಪ್ ಅಂತು. 'ನೋಡಿ ಸಾರ್, ಪ್ಯೂರ್ ಡೈಮಂಡ್' ಅಂದರು. ಇದನ್ನು ಎಲ್ಲರೂ ಗಮನಿಸಿ: ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಅದೂ ಇಂಗಾಲವೇ, ಆ ಟೆಸ್ಟರ್‌ಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ಬೆಲೆಯಲ್ಲಿ. ಲ್ಯಾಬ್ ಹರಳು ಗಣಿ ವಜ್ರಕ್ಕಿಂತ ತುಂಬಾ ಅಗ್ಗ.

ಉಂಗುರ ಬೆರಳಿಗೆ ಸ್ವಲ್ಪ ಸಡಿಲ ಇತ್ತು. ಸರಿಮಾಡಿಸಲು ನಮಗೆ ಗೊತ್ತಿರುವ ಅಕ್ಕಸಾಲಿಗರ ಹತ್ತಿರ ನಾನೇ ತಗೊಂಡು ಹೋದೆ. ಅವರು ಮೊದಲು ಉಂಗುರವನ್ನು ಬ್ರಷ್‌ನಿಂದ ತಿಕ್ಕಿ, ಓರೆಯಾಗಿ ಹಿಡಿದು, ಲೂಪ್ ಅನ್ನುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಹರಳಿನ ಸುತ್ತ ನಿಧಾನಕ್ಕೆ ತಿರುಗಿಸಿದರು. 'ಮೇಡಂ, ಲ್ಯಾಬ್ ಹರಳು ಹಾಕಿಸಿದ್ದೀರಾ?' ಅಂದರು. ನನಗೂ ತೋರಿಸಿದರು. ಹರಳಿನ ಸೊಂಟದ ಅಂಚಿನಲ್ಲಿ, ಅದನ್ನು ಹಿಡಿದಿರುವ ಎರಡು ಕೊಕ್ಕೆಗಳ ನಡುವೆ, ಲೇಸರ್‌ನಲ್ಲಿ ಬರೆದ ಸಣ್ಣ ಅಕ್ಷರಗಳು: ಎಲ್‌ಜಿ, ಆಮೇಲೆ ಅಂಕಿಗಳು. ಲ್ಯಾಬ್ ವಜ್ರಕ್ಕೆ ಐಜಿಐ ಹಾಕುವ ಗುರುತು ಅದು. ನಮಗೆ ಕೊಟ್ಟ ಸರ್ಟಿಫಿಕೇಟಿನ ನಂಬರೇ ಬೇರೆ.

ಅಂಗಡಿಯವರು ಮೊದಲು ಆ ಅಕ್ಕಸಾಲಿಗರೇ ಹರಳು ಬದಲಾಯಿಸಿರಬೇಕು ಅಂದುಬಿಟ್ಟರು. ನನ್ನ ಕಣ್ಣೆದುರೇ ನೋಡಿದ್ದು, ಕೊಕ್ಕೆ ಮುಟ್ಟಿಯೇ ಇರಲಿಲ್ಲ. ಗಟ್ಟಿಯಾಗಿ ಕೇಳಿದ ಮೇಲೆ 'ವರ್ಕ್‌ಶಾಪಿನಲ್ಲಿ ಅದಲುಬದಲು ಆಗಿರಬಹುದು, ಫಂಕ್ಷನ್ ಮುಗಿಸಿ ಬನ್ನಿ' ಅಂತ ಮಾತು ಬದಲಿಸಿದರು. ದುಡ್ಡು ವಾಪಸ್ ಕೇಳಿದರೆ ಕಸ್ಟಮ್ ಆರ್ಡರ್ ವಾಪಸ್ ತಗೊಳ್ಳಲ್ಲ ಅಂದರು.

ಆಗ ಕೈಯಲ್ಲಿದ್ದ ಚೀಟಿ ಸರಿಯಾಗಿ ಬಿಡಿಸಿ ನೋಡಿದರೆ ಅದು ಬಿಲ್ಲೇ ಅಲ್ಲ, ಬರೀ ಎಸ್ಟಿಮೇಟ್. ಜಿಎಸ್‌ಟಿ ನಂಬರ್ ಇಲ್ಲ, ಸರ್ಟಿಫಿಕೇಟ್ ನಂಬರ್ ಇಲ್ಲ. 18 ಕ್ಯಾರೆಟ್ ಚಿನ್ನಕ್ಕೆ 22 ಕ್ಯಾರೆಟ್ ರೇಟ್ ಹಾಕಿದ್ದರು. 18 ಕ್ಯಾರೆಟ್‌ನಲ್ಲಿ ಚಿನ್ನ ಇರುವುದು ನೂರಕ್ಕೆ 75, 22ರಲ್ಲಿ 91.6. ಅಂದರೆ ಚಿನ್ನದ ಬಾಬ್ತಿನಲ್ಲೇ ನೂರಕ್ಕೆ 22ರಷ್ಟು ಜಾಸ್ತಿ ಕಿತ್ತಿದ್ದಾರೆ, ಅದರ ಮೇಲೆ ಮಜೂರಿ ಬೇರೆ. ಹರಳಿನ ತೂಕವನ್ನೂ ಚಿನ್ನದ ತೂಕದಲ್ಲಿ ಸೇರಿಸಿದ್ದರು. ಅರ್ಧ ಕ್ಯಾರೆಟ್ ಅಂದರೆ 0.1 ಗ್ರಾಂ, ಸಣ್ಣದೇ ಇರಬಹುದು, ಆದರೆ ಒಂದೇ ಹರಳಿಗೆ ಎರಡು ಸಲ ಯಾಕೆ ಕೊಡಬೇಕು?

ಹಾಲ್‌ಮಾರ್ಕ್ ಇದೆಯಲ್ಲ ಅಂತ ನಮ್ಮ ಚಿಕ್ಕಪ್ಪ ಸಮಾಧಾನ ಹೇಳಿದರು. ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆ ಮಾತ್ರ, ಹರಳಿನ ಬಗ್ಗೆ ಏನೂ ಹೇಳಲ್ಲ. ಅದನ್ನೂ ನೋಡಿ, ಬೇಡ ಅನ್ನುತ್ತಿಲ್ಲ: ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತು, 18ಕೆ750, ಆಮೇಲೆ ಆ ಒಡವೆಗೇ ಅಂತ ಕೊಟ್ಟ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ವಿವರ ಬರುತ್ತದೆ. ಆದರೆ ಅಷ್ಟು ಸರಿ ಇದ್ದ ಮಾತ್ರಕ್ಕೆ ಹರಳೂ ಸರಿ ಅಂದುಕೊಳ್ಳಬೇಡಿ.

ಆರ್ಡರ್ ಕೊಡುವಾಗಲೇ ಹರಳಿನ ಸರ್ಟಿಫಿಕೇಟ್ ನಂಬರ್, ಗಣಿಯದೋ ಲ್ಯಾಬಿನದೋ ಅನ್ನುವುದು, ಎಷ್ಟು ಕ್ಯಾರೆಟ್ ಚಿನ್ನಕ್ಕೆ ಯಾವ ರೇಟ್, ಮಜೂರಿ ಎಷ್ಟು, ಯಾವತ್ತು ಕೊಡ್ತಾರೆ, ಇಷ್ಟನ್ನೂ ಆರ್ಡರ್ ಫಾರ್ಮಿನಲ್ಲಿ ಬರೆಸಿ ಸೀಲು ಹಾಕಿಸಿ. ನಂಬರ್ ಇರುವ ಜಾಗ ಕೊಕ್ಕೆಯ ಅಡಿಗೆ ಹೋಗದ ಹಾಗೆ ಕೂರಿಸಿ ಅಂತ ಮೊದಲೇ ಹೇಳಿ. ಹಣ ಕಾರ್ಡಿನಲ್ಲೋ ಯುಪಿಐನಲ್ಲೋ ಕೊಡಿ. ನಮಗೆ ಕೊನೆಗೆ ಆಸರೆಯಾಗಿದ್ದು ವಾಟ್ಸಾಪ್ ಮೆಸೇಜು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟು ಎರಡೇ.

ನಿಶ್ಚಿತಾರ್ಥ ಅಮ್ಮನ ಹಳೇ ಉಂಗುರದಲ್ಲೇ ನಡೆಯಿತು. ಹುಡುಗಿ ಮನೆಯವರು ಒಳ್ಳೆಯವರು, ಒಂದು ಮಾತೂ ಆಡಲಿಲ್ಲ. ಆದರೆ ಅವತ್ತಿಡೀ ತಮ್ಮನ ಮುಖ ನೋಡೋಕೆ ಆಗುತ್ತಿರಲಿಲ್ಲ. ಲಾಯರ್ ನೋಟಿಸ್ ಹೋದ ಮೇಲೆ ಅಂಗಡಿಯವರು ಹರಳಿನ ಹಣ ವಾಪಸ್ ಕೊಟ್ಟರು. ಮಜೂರಿ ಮತ್ತು ಚಿನ್ನದಲ್ಲಿ ಜಾಸ್ತಿ ತಗೊಂಡದ್ದು ಇನ್ನೂ ಬಾಕಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ.