ಜರ್ಮನಿಗೆ ಯಾವ ಕುಕ್ಕರ್? ಅಲ್ಯುಮಿನಿಯಂ, ಸ್ಟೀಲ್, ಕರೆಂಟಿನದು

ಮೊದಲೇ ಹೇಳಿಬಿಡುತ್ತೇನೆ: ಜರ್ಮನಿಗೆ ಓದಲು ಹೊರಟಿದ್ದರೆ ದಪ್ಪ ತಳದ, ಇಂಡಕ್ಷನ್ ಒಲೆಗೆ ಆಗುವ, ಮೂರು ಲೀಟರಿನ ಸ್ಟೀಲ್ ಕುಕ್ಕರ್ ಒಯ್ಯಿರಿ. ಉಳಿದೆರಡನ್ನೂ ಬಳಸಿ ನೋಡಿಯೇ ಈ ಮಾತು. ಅಲ್ಯುಮಿನಿಯಮ್ಮಿನದನ್ನು ಅಗ್ಗವೆಂದು ಮೊದಲು ಕೊಂಡದ್ದು, ಅಲ್ಲೇ ಎಡವಿದ್ದು. ಕರೆಂಟಿನ ರೈಸ್ ಕುಕ್ಕರ್ ಅನ್ನಕ್ಕೆ ಚಿನ್ನ, ಬೇಳೆಗೆ ಶನಿ.

ಪುಣೆಯ ತುಳಶೀಬಾಗಿನ ಪಾತ್ರೆ ಅಂಗಡಿಗಳಲ್ಲಿ ಆಗಸ್ಟ್ ಬಂತೆಂದರೆ ಈ ಗಿರಾಕಿಗಳನ್ನು ದೂರದಿಂದಲೇ ಗುರುತಿಸಬಹುದು. ಮಗನೋ ಮಗಳೋ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಜರ್ಮನ್ ಕಲಿತು, ಅಂಕಪಟ್ಟಿ ಅಸಲಿ ಎನ್ನುವ ಎಪಿಎಸ್ ಪ್ರಮಾಣಪತ್ರ ತರಿಸಿಕೊಂಡು, ತಿಂಗಳಿಗಿಷ್ಟೇ ಎಂದು ಹಣ ಬಿಡುವ ಬ್ಲಾಕ್ಡ್ ಅಕೌಂಟಿಗೆ ವೀಸಾಕ್ಕಾಗಿ 11,904 ಯೂರೋ ತುಂಬಿ, ಅಕ್ಟೋಬರಿನ ಚಳಿಗಾಲದ ಸೆಮಿಸ್ಟರಿಗೆ ಹೊರಟಿರುತ್ತಾರೆ. ಜೊತೆಗೆ ಬಂದ ಅಮ್ಮ ಧಾರವಾಡದ ಕಡೆಯವರೋ ಸೊಲ್ಲಾಪುರದವರೋ ಆಗಿದ್ದರೆ ಅಂಗಡಿಯ ಕಟ್ಟೆಯ ಮೇಲೇ ಪಾಠ ಶುರು: "ಬ್ಯಾಳಿಗೆ ನಾಕು ಸೀಟಿ, ಅನ್ನಕ್ಕ ಎರಡು, ಬಟಾಟಿಗೆ ಮೂರು. ಬರಕೋ." ನಮ್ಮ ಅಡುಗೆಯೆಲ್ಲ ಸೀಟಿಯ ಲೆಕ್ಕದಲ್ಲಿದೆ. ಆ ಲೆಕ್ಕ ಅಲ್ಲಿಯ ಹಾಸ್ಟೆಲಿನ ಒಲೆಯ ಮೇಲೆ ಮೊದಲ ದಿನವೇ ಕೈಕೊಡುತ್ತದೆ. ಹೊಸಬರಿಗೆ ಚಳಿಗಿಂತ ಮೊದಲು ತಾಗುವುದು ಆ ಒಲೆ. ಹಾಗಾಗಿ ಕುಕ್ಕರಿನ ಮಾತಿಗಿಂತ ಒಲೆಯ ಮಾತು ಮೊದಲು.

ವಿದ್ಯಾರ್ಥಿ ವಸತಿಗಳಲ್ಲಿ ಗ್ಯಾಸ್ ಸಿಗುವುದು ಅಪರೂಪ. ಮೂರು ಬಗೆಯ ಕರೆಂಟಿನ ಒಲೆಗಳಲ್ಲಿ ಒಂದು ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ಎರಕದ ಕಬ್ಬಿಣದ ಕಪ್ಪು ಬಿಲ್ಲೆಗಳು. ನಡುವೆ ಕೆಂಪು ಚುಕ್ಕೆ ಇರುವ ಬಿಲ್ಲೆ ಉಳಿದವಕ್ಕಿಂತ ಬೇಗ ಕಾಯುತ್ತದೆ. ಬಹಳ ಕಡೆ ಇರುವುದು ಸೆರಾನ್, ಅಂದರೆ ನುಣುಪಾದ ಕಪ್ಪು ಗಾಜು, ಅದರಡಿ ಕೆಂಪಗೆ ಕಾಯುವ ಸುರುಳಿ. ಹೊಸ ಕಟ್ಟಡಗಳಲ್ಲಿ ಇಂಡಕ್ಷನ್. ನೋಡಲು ಅದೂ ಕಪ್ಪು ಗಾಜೇ, ಆದರೆ ಕೆಂಪಗಾಗುವುದಿಲ್ಲ. ಕೋಣೆ ಖಚಿತವಾದ ಕೂಡಲೇ ವಸತಿ ಕಚೇರಿಗೆ ಒಂದು ಸಾಲಿನ ಮೇಲ್ ಹಾಕಿ, ಸೆರಾನೋ ಇಂಡಕ್ಷನ್ನೋ ಎಂದು ಕೇಳಿ. ಉತ್ತರ ಬರದಿದ್ದರೆ ಇಂಡಕ್ಷನ್ ಎಂದೇ ತಿಳಿದು ಕುಕ್ಕರ್ ಕೊಳ್ಳಿ. ಇಂಡಕ್ಷನ್‌ಗೆ ಆಗುವ ಪಾತ್ರೆ ಮೂರರ ಮೇಲೂ ನಡೆಯುತ್ತದೆ. ಬರೀ ಅಲ್ಯುಮಿನಿಯಂ ಇಂಡಕ್ಷನ್ ಮೇಲೆ ತಣ್ಣಗೆ ಕೂತಿರುತ್ತದೆ. ನಡುವೆ ಇಡುವ ಕಬ್ಬಿಣದ ತಟ್ಟೆಯೊಂದು ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದುಡ್ಡು ದಂಡ.

ಸೆರಾನ್ ಮೇಲೆ ಅಲ್ಯುಮಿನಿಯಂ ಕುಕ್ಕರ್ ಕಾಯುತ್ತದೆ. ತಕರಾರು ಅಲ್ಲಿಂದಲೇ ಶುರು. ಗ್ಯಾಸಿನಲ್ಲಿ ಉರಿ ಸಣ್ಣ ಮಾಡಿದ ಕ್ಷಣಕ್ಕೆ ಕುಕ್ಕರಿಗೆ ಗೊತ್ತಾಗುತ್ತದೆ. ಸೆರಾನಿನಲ್ಲಿ ಗುಂಡಿ 9ರಿಂದ 3ಕ್ಕೆ ತಿರುಗಿಸಿದರೆ ಸುರುಳಿ ಮಂದವಾಗುವುದಿಲ್ಲ; ಪೂರ್ತಿ ಆರುತ್ತದೆ, ತುಸು ಹೊತ್ತಿಗೆ ಪೂರ್ತಿ ಹೊತ್ತುತ್ತದೆ, ಮತ್ತೆ ಆರುತ್ತದೆ. ಸಣ್ಣ ಉರಿ ಎಂದರೆ ಆರಿದ ಹೊತ್ತು ಹೆಚ್ಚು, ಹೊತ್ತಿದ ಹೊತ್ತು ಕಡಿಮೆ, ಅಷ್ಟೇ. ಇದರ ಜೊತೆ ಗಾಜಿನಲ್ಲಿ ಉಳಿದ ಶಾಖ ಬೇರೆ. ಹೀಗಾಗಿ ಮೊದಲ ಸೀಟಿ ಹನ್ನೆರಡು ಹದಿಮೂರು ನಿಮಿಷ ಕಾಯಿಸುತ್ತದೆ, ಎರಡನೆಯದು ಮೂವತ್ತು ಸೆಕೆಂಡಿಗೇ ಬರುತ್ತದೆ, ಮೂರನೆಯದು ಬರುವುದೇ ಇಲ್ಲವೇನೋ ಅನ್ನಿಸುತ್ತದೆ. ಸರಿ ಎಂದು ಒಲೆ ಆರಿಸಿ ಬೆನ್ನು ತಿರುಗಿಸಿದರೆ ಇನ್ನೆರಡು ಹೊಡೆಯುತ್ತದೆ. ಅಷ್ಟರಲ್ಲಿ ತಳದ ಬೇಳೆ ಸೀದಿರುತ್ತದೆ, ಮೇಲಿನದು ಕಾಳುಕಾಳಾಗಿಯೇ ಇರುತ್ತದೆ.

ಇನ್ನೊಂದು ಕಾಟ ಕಣ್ಣಿಗೆ ಬೀಳುವುದು ತಡವಾಗಿ. ಬರೀ ಅಲ್ಯುಮಿನಿಯಂ ತಳವನ್ನು ಗಾಜಿನ ಮೇಲೆ ಜರುಗಿಸಿದರೆ ಬೆಳ್ಳಿ ಬಣ್ಣದ ಗೀರು ಕೂರುತ್ತದೆ. ನೋಡಲು ಗಾಜು ಗೀರಿದಂತೆ, ಅಸಲಿಗೆ ಮೆತ್ತಿಕೊಂಡ ಲೋಹ. ಬಟ್ಟೆಗೆ ಹೋಗುವುದಿಲ್ಲ, ಬ್ಲೇಡಿನ ಸ್ಕ್ರೇಪರ್ ಓರೆಯಾಗಿ ಹಿಡಿದು ಕೆರೆದು, ಮೇಲೆ ವಿನಿಗರ್ ಹಾಕಿ ಉಜ್ಜಬೇಕು. ಬಿಟ್ಟರೆ ಕೋಣೆ ಖಾಲಿ ಮಾಡುವ ದಿನ ಠೇವಣಿಯಲ್ಲಿ ಕಡಿತ. ಇದಲ್ಲದೆ ಅಗ್ಗದ ಕುಕ್ಕರುಗಳ ತಳ ಬಳಸುತ್ತ ಬಳಸುತ್ತ ನಡುವೆ ಉಬ್ಬುತ್ತದೆ. ಗ್ಯಾಸಿನ ಬರ್ನರಿನ ಮೇಲೆ ಅದು ಲೆಕ್ಕಕ್ಕೇ ಇಲ್ಲ. ಗಾಜಿನ ಮೇಲೆ ಅದೇ ಕುಕ್ಕರ್ ಬುಗುರಿಯಂತೆ ಓಲಾಡುತ್ತದೆ, ಗಾಜಿಗೆ ತಾಗಿದಷ್ಟೇ ಜಾಗ ಚೆನ್ನಾಗಿ ಕಾಯುತ್ತದೆ.

ಸೆರಾನಿಗೆ ಲೆಕ್ಕವನ್ನು ಸೀಟಿಯಿಂದ ನಿಮಿಷಕ್ಕೆ ಬದಲಿಸಿಕೊಳ್ಳಬೇಕು. ಒಂದು ಕಪ್ ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮೂರು ಕಪ್ ನೀರು ಹಾಕಿ, 9ರಲ್ಲಿ ಇಡಿ. ಮೊದಲ ಸೀಟಿ ಬಂದ ಕೂಡಲೇ 3ಕ್ಕೆ ಇಳಿಸಿ, ಫೋನಿನಲ್ಲಿ ಹತ್ತು ನಿಮಿಷ ಹಚ್ಚಿ. ಆ ಹತ್ತು ನಿಮಿಷದಲ್ಲಿ ಎಷ್ಟು ಸೀಟಿ ಹೊಡೆದರೂ, ಹೊಡೆಯದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಒಳಗೆ ಒತ್ತಡ ನಿಂತಿದ್ದರೆ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ, ಬೇಳೆ ಬೇಯುವುದು ಆ ಬಿಸಿಗೆ. ಸೀಟಿ ಎಂದರೆ ಹೆಚ್ಚಾದ ಹಬೆ ಹೊರಗೆ ಹೋದದ್ದು. ಹತ್ತು ನಿಮಿಷವಾದ ಮೇಲೆ ಬರೀ ಗುಂಡಿ ಆರಿಸಿದರೆ ಸಾಲದು, ಕುಕ್ಕರನ್ನು ಎತ್ತಿ ಮರದ ಹಲಗೆಯ ಮೇಲೆ ಇಡಬೇಕು. ಜರುಗಿಸಬೇಡಿ, ಎತ್ತಿ.

ಇಷ್ಟಾದರೂ ಬೇಳೆ ಬೇಯದಿದ್ದರೆ ಕುಕ್ಕರನ್ನು ಬೈಯಬೇಡಿ. ಪುಣೆಗೆ ನೀರು ಕೊಡುವ ಖಡಕವಾಸ್ಲಾ ಅಣೆಕಟ್ಟಿನ ನೀರು ಕುಡಿದು ಬೆಳೆದವರಿಗೆ ಗಡಸು ನೀರಿನ ಕಾಟ ಹೊಸದು. ಬರ್ಲಿನ್, ಮ್ಯೂನಿಕ್‌ಗಳಲ್ಲಿ ನಲ್ಲಿ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ ಬೇಳೆಯ ತಿರುಳನ್ನು ಬಿಗಿಹಿಡಿಯುತ್ತದೆ, ಮೆತ್ತಗಾಗಲು ಬಿಡುವುದಿಲ್ಲ. ಅಲ್ಲಿಯ ಅಂಗಡಿಗಳಲ್ಲಿ ನಾಟ್ರೋನ್ ಎಂಬ ಹೆಸರಿನಲ್ಲಿ ಅಡುಗೆ ಸೋಡಾ ಸಿಗುತ್ತದೆ. ನೆನೆಸುವಾಗ ಒಂದು ಕಪ್ ಬೇಳೆಗೆ ಎರಡು ಬೆರಳಿಗೆ ಸಿಕ್ಕಷ್ಟು ಹಾಕಿದರೆ ಸಾಕು. ಹೆಚ್ಚಾದರೆ ಸಾರಿಗೆ ಸಾಬೂನಿನ ವಾಸನೆ. ಹುಣಸೆ ರಸ, ಟೊಮೆಟೊ ಬೇಳೆ ಬೆಂದ ಮೇಲೆಯೇ.

ಸೀಟಿಯ ಸದ್ದಿನ ಬಗ್ಗೆಯೂ ಒಂದು ಮಾತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿಲ್ಲದ ಹೊತ್ತು, ಭಾನುವಾರವಂತೂ ಇಡೀ ದಿನ. ಅಡುಗೆಮನೆ ಆರೇಳು ಮಂದಿಗೆ ಒಂದೇ. ಕುಕ್ಕರ್ ಕಂಡರಿಯದವರು ಮೊದಲ ಸೀಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೊದಲ ವಾರವೇ ಹೇಳಿಟ್ಟರೆ ಮುಗಿಯಿತು.

ಈಗ ಕರೆಂಟಿನದು. ಅನ್ನ ಮಾತ್ರ ಮಾಡುವುದಾದರೆ ಇದಕ್ಕೆ ಸಾಟಿಯಿಲ್ಲ. ಗುಂಡಿ ಒತ್ತಿ ಓದಲು ಕೂರಬಹುದು. ಅದರ ತಳದ ನಡುವೆ ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಬಿಲ್ಲೆಯಿದೆ, ಒಳಗೆ ಅಯಸ್ಕಾಂತ. ನೀರಿರುವ ತನಕ ಪಾತ್ರೆ 100 ಡಿಗ್ರಿ ದಾಟುವುದಿಲ್ಲ. ನೀರು ಇಂಗಿದ ಕೂಡಲೇ ಬಿಸಿ ಏರುತ್ತದೆ, ಆ ಬಿಸಿಗೆ ಅಯಸ್ಕಾಂತದ ಹಿಡಿತ ಸಡಿಲುತ್ತದೆ, ಗುಂಡಿ ಟಪ್ಪೆಂದು ಮೇಲೇಳುತ್ತದೆ. ಅನ್ನಕ್ಕೆ ಹೇಳಿ ಮಾಡಿಸಿದ ಉಪಾಯ. ಬೇಳೆಯಲ್ಲಿ ನೀರು ಇಂಗುವುದೇ ಇಲ್ಲವಲ್ಲ, ಗುಂಡಿ ಏಳುವುದೂ ಇಲ್ಲ. ಅದು ಕುದಿಯುತ್ತಲೇ ಇರುತ್ತದೆ, ನೊರೆ ಮುಚ್ಚಳದ ತೂತಿನಿಂದ ಉಕ್ಕಿ ಮೈಮೇಲೆಲ್ಲ ಇಳಿದು ಅಂಟುತ್ತದೆ. ಒತ್ತಡವಿಲ್ಲದೆ ತೊಗರಿಬೇಳೆಗೆ ಒಂದು ಗಂಟೆಯ ಮೇಲೆ ಬೇಕು. ಹೆಸರುಬೇಳೆ, ಮಸೂರ್ ಬೇಳೆಯಾದರೆ ಅರ್ಧ ಗಂಟೆ. ಎರಡು ಹನಿ ಎಣ್ಣೆ ಹಾಕಿ, ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬದೆ, ಪಕ್ಕದಲ್ಲೇ ನಿಂತರೆ ನಡೆಯುತ್ತದೆ. ಪಕ್ಕದಲ್ಲೇ ನಿಲ್ಲುವುದಾದರೆ ಕರೆಂಟಿನ ಕುಕ್ಕರ್ ಯಾಕೆ?

ವೋಲ್ಟೇಜ್ ಬಗ್ಗೆ ಜರ್ಮನಿಯಲ್ಲಿ ಚಿಂತೆಯಿಲ್ಲ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. (ಅಮೆರಿಕಕ್ಕೆ ಹೋಗುವವರು ಇದನ್ನು ಮನೆಯಲ್ಲೇ ಬಿಡಿ. ಅಲ್ಲಿನ 120 ವೋಲ್ಟಿಗೆ ನಮ್ಮ 700 ವಾಟಿನ ಕುಕ್ಕರ್ 190 ವಾಟಿನಷ್ಟೇ ಕಾಯುತ್ತದೆ, ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ.) ಚಿಂತೆ ಇರುವುದು ಪ್ಲಗ್ಗಿನದು. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿಯ ಶುಕೊ ಸಾಕೆಟ್ಟಿಗೆ ಹೋಗುವುದಿಲ್ಲ. ಆ ಸಾಕೆಟ್ಟಿನ ಕುಳಿಯೊಳಗೆ ಎದುರುಬದುರು ಎರಡು ಲೋಹದ ಪಟ್ಟಿಗಳು ಕಾಣುತ್ತವೆ, ಅರ್ಥಿಂಗ್ ಇರುವುದು ಅವುಗಳಲ್ಲಿ. ರಸ್ತೆಬದಿಯಲ್ಲಿ ಸಿಗುವ ಯೂನಿವರ್ಸಲ್ ಅಡಾಪ್ಟರ್ ಎರಡು ಕಡ್ಡಿ ಮಾತ್ರ ಸಿಕ್ಕಿಸುತ್ತದೆ, ಆ ಪಟ್ಟಿಗಳನ್ನು ಮುಟ್ಟುವುದೇ ಇಲ್ಲ. ಅಂದರೆ ಲೋಹದ ಮೈಯ ಕುಕ್ಕರ್ ಅರ್ಥಿಂಗ್ ಇಲ್ಲದೆ ಓಡುತ್ತದೆ. ಅಡಾಪ್ಟರನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಲೋಹದ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಫೋನ್ ಚಾರ್ಜರಿಗೆ ಮಾತ್ರ ಬಳಸಿ. ಬಹಳ ವಸತಿಗಳಲ್ಲಿ ಕೋಣೆಯೊಳಗೆ ಅಡುಗೆಯ ಉಪಕರಣ ಇಡುವಂತಿಲ್ಲ ಎಂಬ ನಿಯಮ ಬೇರೆ ಇರುತ್ತದೆ. ಬೇಕೇ ಬೇಕೆಂದರೆ ಅಲ್ಲೇ ಕೊಳ್ಳಿ. ಮೂವತ್ತು ಯೂರೋ ಆಸುಪಾಸಿಗೆ ಸಣ್ಣದು ಬರುತ್ತದೆ, ಅದರದೇ ಪ್ಲಗ್, ಲಗೇಜಿನಲ್ಲಿ ಎರಡು ಕಿಲೋ ಉಳಿತಾಯ.

ಸ್ಟೀಲ್ ಕುಕ್ಕರಿಗೂ ದೋಷಗಳಿವೆ. ಅಲ್ಯುಮಿನಿಯಮ್ಮಿಗಿಂತ ಅರ್ಧ ಮುಕ್ಕಾಲು ಕಿಲೋ ಭಾರ, ಬೆಲೆಯೂ ಒಂದೂವರೆಯಿಂದ ಎರಡು ಪಟ್ಟು. ಶಾಖ ಹರಡುವುದರಲ್ಲಿ ಸ್ಟೀಲ್ ಮಂದ, ನೇರವಾಗಿ ಅನ್ನ ಇಟ್ಟರೆ ತಳ ಹಿಡಿಯುತ್ತದೆ. ಅದಕ್ಕೇ ಒಳಗಿಡುವ ಎರಡು ಡಬ್ಬಿಗಳು ಬೇಕು: ಕೆಳಗೆ ಒಂದೂವರೆ ಕಪ್ ನೀರು, ಕೆಳಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ ಒಂದಕ್ಕೆ ಎರಡರಂತೆ ಸೋನಾ ಮಸೂರಿ. ಹೀಗೆ ಮಾಡಿದರೆ ಸೆರಾನಿನ ಆರುವ ಹೊತ್ತುವ ಆಟ ಡಬ್ಬಿಯವರೆಗೆ ಮುಟ್ಟುವುದೇ ಇಲ್ಲ. ಇಂಡಕ್ಷನ್ ಮೇಲಂತೂ ಮೊದಲ ಸೀಟಿಗೆ ಆರೇಳು ನಿಮಿಷ, ಉರಿ ಇಳಿಸಿದರೆ ಗ್ಯಾಸಿನಂತೆಯೇ ಮಾತು ಕೇಳುತ್ತದೆ. ಹುಳಿ ಹಾಕಿದ ಸಾರು ರಾತ್ರಿಯಿಡೀ ಅದರಲ್ಲೇ ಇದ್ದರೂ ಕಪ್ಪಾಗುವುದಿಲ್ಲ. ಹಾಸ್ಟೆಲಿನಲ್ಲಿ ಪಾತ್ರೆ ಎರಡೇ ಇದ್ದಾಗ ಇದು ದೊಡ್ಡ ಮಾತು.

ಕೊಳ್ಳುವಾಗ ಮನೆಯ ಫ್ರಿಜ್ಜಿನ ಅಯಸ್ಕಾಂತ, ಕಂಪಾಸ್ ಪೆಟ್ಟಿಗೆಯ ಸ್ಟೀಲ್ ಸ್ಕೇಲು ಜೇಬಿನಲ್ಲಿರಲಿ. "ಇಂಡಕ್ಷನ್‌ಗೆ ನಡೆಯುತ್ತದಾ?" ಎಂದರೆ ಅಂಗಡಿಯವರು "ಚಾಲೇಲ್, ಚಾಲೇಲ್" ಎಂದೇ ಅನ್ನುತ್ತಾರೆ. ಅಯಸ್ಕಾಂತ ತಳದ ನಡುವೆಯೂ ಅಂಚಿನಲ್ಲೂ ಗಟ್ಟಿಯಾಗಿ ಹಿಡಿಯಬೇಕು. ನಡುವೆ ಮಾತ್ರ ಹಿಡಿದರೆ ಅದು ಸಣ್ಣ ಬಿಲ್ಲೆ ಅಂಟಿಸಿದ ಮಾಲು. ಕಪ್ಪು ಹಾರ್ಡ್ ಅನೊಡೈಸ್ಡ್ ಕುಕ್ಕರುಗಳೂ ಅಲ್ಯುಮಿನಿಯಮ್ಮೇ, ಅವಕ್ಕೂ ಇದೇ ಪರೀಕ್ಷೆ. ಸ್ಕೇಲನ್ನು ತಳದ ಮೇಲೆ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಒಳ್ಳೆಯದೇ, ಕಾದಾಗ ತಳ ಚಪ್ಪಟೆಯಾಗುತ್ತದೆ. ನಡುವೆ ತಾಗಿ ಅಂಚಿನಲ್ಲಿ ಸಂದು ಕಂಡರೆ ಬೇರೆಯದು ತೆಗೆಸಿ. ಅಗಲ ಬಾಯಿಯ ಪ್ಯಾನ್ ಆಕಾರದ್ದು ಬೇಡ. ಸೆರಾನಿನ ಸಣ್ಣ ವೃತ್ತ ಸಾಮಾನ್ಯವಾಗಿ 14.5 ಸೆಂಟಿಮೀಟರ್, ದೊಡ್ಡದು 18. ಉದ್ದನೆಯ ಕುಕ್ಕರ್ ಸಣ್ಣದರ ಮೇಲೆ ಕೂರುತ್ತದೆ, ದೊಡ್ಡದು ಬೇರೆಯವರಿಗೆ ಬಿಡಬಹುದು. ಒಳಮುಚ್ಚಳವೋ ಹೊರಮುಚ್ಚಳವೋ ಎಂಬುದು ಕೈಯ ಅಭ್ಯಾಸಕ್ಕೆ ಬಿಟ್ಟದ್ದು.

ಜರ್ಮನ್ನರದೇ ಕುಕ್ಕರುಗಳಿವೆ, ಡಬ್ಲ್ಯೂಎಂಎಫ್, ಫಿಸ್ಲರ್. ಸೀಟಿಯಿಲ್ಲ, ಸೊಗಸಾಗಿವೆ, ನೂರು ಯೂರೋ ದಾಟುತ್ತವೆ. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಕೈಗೆ ಬರುವವರಿಗೆ, ಬಾಡಿಗೆ, ವಿಮೆ ಕಳೆದ ಮೇಲೆ, ಅದು ಕೊಳ್ಳುವ ವಸ್ತುವಲ್ಲ.

ನನ್ನ ತೀರ್ಮಾನ ದಿನಾ ಅನ್ನ, ಸಾರು ಬೇಕೆನ್ನುವ, ವಾರಕ್ಕೆರಡು ಸಲ ಬೇಳೆ ಬೇಯಿಸಿ ಫ್ರಿಜ್ಜಿನಲ್ಲಿಡುವ, ಮೂರು ಸಾವಿರ ರೂಪಾಯಿ ಹಾಕಬಲ್ಲ ಹೊಟ್ಟೆಯದು. ಮಧ್ಯಾಹ್ನ ವಿಶ್ವವಿದ್ಯಾಲಯದ ಕ್ಯಾಂಟೀನಾದ ಮೆನ್ಸಾದಲ್ಲಿ ಉಂಡು ರಾತ್ರಿ ಬ್ರೆಡ್ಡಿನಲ್ಲಿ ಮುಗಿಸುವವರಿಗೆ ಅಲ್ಲೇ ಕೊಂಡ ಕರೆಂಟಿನದು ಸಾಕು. ಅಲ್ಯುಮಿನಿಯಮ್ಮಿನದು ಮನೆಯಲ್ಲಿ ಈಗಾಗಲೇ ಇದ್ದು, ಅಲ್ಲಿ ಕಬ್ಬಿಣದ ಬಿಲ್ಲೆಯ ಒಲೆಯೇ ಎಂದು ಖಚಿತವಿದ್ದರೆ ಮಾತ್ರ ಒಯ್ಯಿರಿ.

ಕಟ್ಟುವಾಗ ಹಿಡಿಯ ಸ್ಕ್ರೂ ಬಿಚ್ಚಿ, ಸ್ಕ್ರೂಗಳನ್ನು ಸಣ್ಣ ಪೊಟ್ಟಣದಲ್ಲಿ ಮುಚ್ಚಳಕ್ಕೆ ಅಂಟಿಸಿ. ಕುಕ್ಕರ್ ಚೆಕ್-ಇನ್ ಪೆಟ್ಟಿಗೆಯಲ್ಲೇ ಹೋಗಲಿ. ಸೀಟಿಯ ಭಾರವನ್ನು ಕಾಲುಚೀಲದಲ್ಲಿ ಸುತ್ತಿ, ಅದೇ ಕಂಪನಿಯ, ಅದೇ ಅಳತೆಯ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜೊತೆಗಿಡಿ. ನೀರಿಲ್ಲದೆ ಕಾದರೆ ವಾಲ್ವ್ ಕರಗುತ್ತದೆ, ನಮ್ಮ ಅಳತೆಯದು ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕುಕ್ಕರಿನೊಳಗೆ ಜಾಗ ಖಾಲಿ ಬಿಡಬೇಡಿ. ಶನಿವಾರ ರಾತ್ರಿ ಇಳಿದವರಿಗೆ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅವಲಕ್ಕಿ, ಹುರಿದ ರವೆ, ಶೇಂಗಾ ಚಟ್ನಿಪುಡಿ ಅಲ್ಲೇ ತುಂಬಿ. ತುಪ್ಪ, ಪೇಡೆ ಬೇಡ. ಹಾಲಿನ ಪದಾರ್ಥ ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ. ಬಾಕರವಡಿಗೆ ಅಡ್ಡಿಯಿಲ್ಲ.

ಗುಂಡು ತಳದ ಒಗ್ಗರಣೆ ಸೌಟು ಮಾತ್ರ ಬಿಟ್ಟು ಹೋಗಿ. ಗಾಜಿನ ಮೇಲೆ ಅದು ನಿಲ್ಲುವುದಿಲ್ಲ, ನಿಂತರೂ ಕಾಯುವುದಿಲ್ಲ. ಚಪ್ಪಟೆ ತಳದ, ಹನ್ನೆರಡು ಸೆಂಟಿಮೀಟರಿನ ಸಣ್ಣ ಸ್ಟೀಲ್ ಬೋಗುಣಿ ಸಾಕು. ಸಾಸಿವೆ ಚಟಪಟ ಅನ್ನುವ ಮೊದಲೇ ಚಿಮಣಿ ಹಾಕಿ, ಕಿಟಕಿ ತೆಗೆದು, ಬಾಗಿಲು ಮುಚ್ಚಿ. ಪಡಸಾಲೆಯ ಹೊಗೆ ಅಲಾರಂಗೆ ಮೆಣಸಿನಕಾಯಿ ಒಗ್ಗರಣೆಗೂ ಬೆಂಕಿಗೂ ವ್ಯತ್ಯಾಸ ತಿಳಿಯುವುದಿಲ್ಲ.